ಮೊದಲ ಬೇಸಿನ ಚೀಲ

ಇಂಡಿ
೭-೧೨-೨೦೨೫

ಮಗಳು ನಿಷತಳಿಗೆ,

ಭೀಮಶ್ಯಾ ಕಾಕಾನ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ನಿಂತಿತು. ಇದ್ದೇವೆ ಅಂದರೆ ಸಾಕು. ನೀನು ಮುದ್ದೇಬಿಹಾಳದ ಖಾಲಾನ ಮನೆಗೆ ಹೋಗಿ, ಅಲ್ಲಿಯ ಸಾಲಿಯಲ್ಲಿ ಆಟದ ಟೀಚರ್ ಆಗಿ ಆರು ತಿಂಗಳಾಯಿತು. ಹೋದ ವಾರವೇ ಬರೆಯುತ್ತೇನೆ ಎಂದವನು ಈಗ ಬರೆಯುತ್ತಿದ್ದೇನೆ, ಬೈದುಕೋ. ಫೋನ್ ಇದೆಯಲ್ಲ ಅನ್ನಬೇಡ. ಫೋನ್ ಮಾಡಿದರೆ ನೀನು, "ಆರಾಮ ಅದೀನ್ರಿ ಕಾಕಾ, ಊಟ ಆತ್ರಿ?" ಎಂದು ಕೇಳಿ ಇಟ್ಟುಬಿಡುತ್ತೀ. ಬೇರೆ ಮಾತಿಗೆ ಜಾಗವೇ ಇರುವುದಿಲ್ಲ.

ನಿಮ್ಮಪ್ಪ ಜೈನುದ್ದೀನ ಗಟ್ಟಿಯಾಗಿದ್ದಾನೆ. ನಿಂಬೆ ಈ ಸಲ ಚೆನ್ನಾಗಿ ಬಂದಿದೆ. ವಾರಕ್ಕೆರಡು ಸಲ ಅವನ ಮಾಲು ನನ್ನ ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಹೋಗುತ್ತದೆ. ಹೋಗುತ್ತೇನೆ, ಇಳಿಸುತ್ತೇನೆ, ಬರುತ್ತೇನೆ. ನಡುವೆ ಯಾವ ಊರು ದಾಟಿದೆ ಎಂದು ಕೇಳಿದರೆ ನೆನಪಿರುವುದಿಲ್ಲ. ಖುಷಿಯೂ ಇಲ್ಲ, ದುಃಖವೂ ಇಲ್ಲ, ಚಹಾ ಕುಡಿದರೆ ಸಕ್ಕರೆ ಹಾಕಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಡಾಕ್ಟರು ಶುಗರ್ ಇಲ್ಲ, ಬಿ.ಪಿ. ಇಲ್ಲ ಎಂದರು. ಒಂದು ವರ್ಷದಿಂದ ಹೀಗೇ ನಡೆದಿದೆ.

ಶಾನವಾಜನ ಚಹಾದಂಗಡಿಯಲ್ಲಿ ಬೆಳಿಗ್ಗೆ ಲೋಡಿಗೆ ಕಾಯುವ ನಾವೆಲ್ಲ ಈಗಲೂ ಅಮೆರಿಕದ ಬೇಸ್‌ಬಾಲ್ ನೋಡುತ್ತೇವೆ. ಅಲ್ಲಿ ರಾತ್ರಿ ಆಡಿದ್ದು ಇಲ್ಲಿ ಹಲ್ಲುಜ್ಜುವ ಹೊತ್ತಿಗೆ ಬರುತ್ತದೆ. ಏಳನೆಯ ತರಗತಿಯಲ್ಲಿದ್ದಾಗ ನೀನೇ ಅಲ್ಲವೇ, ನಾಲ್ಕು ಬೇಸಿಗೆ ನಾಲ್ಕು ಚಹಾದ ಗ್ಲಾಸು ಇಟ್ಟು, ಅವುಗಳ ಸುತ್ತ ನಿಂಬೆಹಣ್ಣು ಓಡಿಸಿ ನಮಗೆ ಆಟ ಕಲಿಸಿದವಳು? ಆ ಕೆಂಪು ಟೊಪ್ಪಿಗೆಯ ತಂಡ ತೋರಿಸಿ "ಇದು ನಂದು" ಎಂದೆ. ಅಂದಿನಿಂದ ನಮ್ಮದೂ ಅದೇ. ಹಾಳಾದ್ದು ಸೋಲುತ್ತಲೇ ಇರುತ್ತದೆ, ನಾವು ಬಿಟ್ಟಿಲ್ಲ. ಇಂಡಿಯ ಮಂದಿ ಒಮ್ಮೆ ನಮ್ಮದು ಅಂದರೆ ಮುಗಿಯಿತು.

ಆದರೆ ಹೋದ ತಿಂಗಳು ಬ್ಯಾಂಕಾಕಿನಲ್ಲಿ ನಮ್ಮ ದೇಶದ ಹುಡುಗಿಯರು ಆಡಿದರು. ಯಾರೋ ಫೋನಿನಲ್ಲಿ ಹಚ್ಚಿದರು. ಮೊದಲ ಬೇಸಿನಲ್ಲಿ ಸಿಂದಗಿಯ ಮುಬಿನ ನಿಂತಿದ್ದಳು. ಶಾನವಾಜ ಫೋನು ಕಸಿದು ಮುಖ ಕೆಳಗಾಗಿಸಿ ಮೇಜಿನ ಮೇಲಿಟ್ಟ.

"ಆಕಿ ಆಟ ನನ್ನ ಅಂಗಡ್ಯಾಗ ನಡಿಯಂಗಿಲ್ಲ. ನಿಷತ ಕುಂಟ್ಕೋತ ಊರು ಬಿಟ್ಟಿದ್ದ ನಾ ಮರತಿಲ್ಲ" ಎಂದ.

ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬರೆಯದಿದ್ದರೆ ಮುಂದಿನದು ಬರುವುದಿಲ್ಲ. ಹೋದ ವರ್ಷ ನಮ್ಮೂರ ಮೈದಾನದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆಯ ಪಂದ್ಯ, ನಮಗೂ ಸಿಂದಗಿಗೂ. ನೀನು ಹೊಡೆದೆ, ಮೊದಲ ಬೇಸಿಗೆ ಓಡಿದೆ, ಕಾಲಿಟ್ಟ ಕೂಡಲೇ ಬೇಸಿನ ಉಸುಕಿನ ಚೀಲ ಜಾರಿತು, ಮೊಣಕಾಲು ತಿರುಚಿತು. ಸಿಂದಗಿಯ ಕಡೆಯಿಂದ ಆ ಬೇಸು ಕಾಯುತ್ತಿದ್ದವಳು ಮುಬಿನ. ನೆಲದ ಮೇಲೆ ಬಿದ್ದುಕೊಂಡೇ ನೀನು, "ಮುಬಿನ ಕಾಲಿಲೆ ಜಗ್ಗಿದ್ಲು" ಎಂದೆ. ನಮ್ಮ ಮಂದಿಗೆ ಅಷ್ಟು ಸಾಕಾಯಿತು. ಆ ಹುಡುಗಿಯನ್ನು ಬಸ್ಸು ಹತ್ತುವವರೆಗೂ ಬೈದರು. ಅದಕ್ಕೂ ಮುಂಚೆ ತರಬೇತಿ ಶಿಬಿರದಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ನೀವು, ಅಂದಿನಿಂದ ಮಾತಿಲ್ಲ.

ಫೋನು ಕೆಳಗಾದಾಗ ಮಾತಾಡಿದವಳು ಶೇವಂತೆವ್ವ ಒಬ್ಬಳೇ. ಮೈದಾನಕ್ಕೆ ಸಿಮೆಂಟಿನ ಚೀಲ ಕತ್ತರಿಸಿ, ಉಸುಕು ತುಂಬಿ ಬೇಸು ಹೊಲಿದುಕೊಡುವ ನಮ್ಮ ಮುದುಕಿ. "ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಾಕತ್ತೀರಿ. ಆ ಹುಡುಗಿ ಅಂಥಾಕಿ ಅಲ್ಲ" ಎಂದಳು. ಆಮೇಲೆ ನನ್ನ ಟೆಂಪೋ ಹತ್ತಿ ಕುಳಿತು, "ಹಚ್ಚೋ ಭೀಮಶ್ಯಾ, ನಾ ನೋಡ್ತೀನಿ" ಎಂದಳು. ಇಬ್ಬರೂ ಕೂತು ನೋಡಿದೆವು. ನಮ್ಮವರು ಸೋತರು. ಗೆದ್ದಿದ್ದರೂ ನನಗೆ ಅಷ್ಟೇ ಅನಿಸುತ್ತಿತ್ತು.

ಮೊನ್ನೆ ಗುರುವಾರ ಮುಬಿನ ಬಂದಿದ್ದಳು. ಸಿಂದಗಿ ಬಸ್ಸಿನಿಂದ ಇಳಿದು, ನಿಂಬೆ ಬಜಾರದಲ್ಲಿ ಕೇಳುತ್ತ ಕೇಳುತ್ತ ನನ್ನ ಗಾಡಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ನಿನ್ನ ಹಳೆಯ ಗ್ಲೌಸು.

"ಆಕಿದು ನನ್ನ ಬ್ಯಾಗಿನ್ಯಾಗ ಉಳದಿತ್ರಿ ಕಾಕಾ. ಬ್ಯಾಂಕಾಕಿನ್ಯಾಗ ಇದನ್ನ ಹಾಕ್ಕೊಂಡ ಆಡೀನ್ರಿ. ಆಕಿಗಿ ಮುಟ್ಟಸ್ರಿ" ಎಂದಳು.

ನಾನು ತೆಗೆದುಕೊಂಡೆ. ಅವಳು ಹೋಗಲಿಲ್ಲ. "ನಾ ಚೀಲಕ್ಕ ಕಾಲ ಹಚ್ಚಿದ್ದೆ ಖರೆ. ಜಗ್ಗಿಲ್ರಿ. ನೀವು ಅಲ್ಲೇ ಇದ್ರಿ. ನೀವು ನೋಡೀರಿ."

ನಾನು ಏನು ಹೇಳಿದೆ ಗೊತ್ತೇ? "ಚಾ ಕುಡಿತಿಯೇನವಾ?" ಎಂದೆ.

"ಬ್ಯಾಡ್ರಿ, ಬಸ್ಸಿಗಿ ಹೊತ್ತಾಗ್ತೈತಿ" ಎಂದು ಹೋದಳು. ಬೆನ್ನು ತಿರುಗಿಸಿದ ಮೇಲೆ ಓಢಣಿಯ ತುದಿಯಿಂದ ಮುಖ ಒರೆಸಿಕೊಂಡಳು.

ಗ್ಲೌಸನ್ನೂ ಈ ಪತ್ರವನ್ನೂ ಒಂದೇ ಗಂಟು ಕಟ್ಟಿ ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೋ. ಬೆರಳಿನ ಹತ್ತಿರ ಹರಿದಿದ್ದನ್ನು ಅವಳು ಕೆಂಪು ದಾರದಿಂದ ಹೊಲಿದಿದ್ದಾಳೆ. ಚಳಿಗೆ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಖಾಲಾಗೆ ನಮಸ್ಕಾರ ತಿಳಿಸು. ನೀನು ಕಲಿಸುವ ಮಕ್ಕಳು ನಿನಗಿಂತ ಜೋರಾಗಿ ಓಡಲಿ. ನೂರು ವರ್ಷ ಬಾಳು.

ನಿನ್ನ ಕಾಕಾ,
ಭೀಮಶ್ಯಾ

ತಾ.ಕ.: ಅಮಾವಾಸ್ಯೆಗೆ, ದೂರದ ಬಾಡಿಗೆಗೆ, ಚಕ್ರದಡಿ ನಿಂಬೆಹಣ್ಣು ಇಟ್ಟು ತುಳಿಸದೆ ನಾನು ಗಾಡಿ ಎತ್ತಿದವನಲ್ಲ, ನಿನಗೆ ಗೊತ್ತು. ಅಂದು ಆರಿಸುವವರು ಕುರ್ಚಿ ಹಾಕಿಕೊಂಡು ಕೂತಿದ್ದರು, ಊರಿನ ಕಣ್ಣೆಲ್ಲ ನಿನ್ನ ಮೇಲೆ. ನೀರು ಕುಡಿಯಲು ಆಟ ನಿಂತಾಗ, ಬಾಟಲಿ ಕೊಡುವ ನೆವದಲ್ಲಿ ಮೊದಲ ಬೇಸಿಗೆ ಹೋದೆ. ಚೀಲ ಎತ್ತಿ, ಬೆರಳಿನಿಂದ ಮಣ್ಣು ಕೆದರಿ, ಕೆಳಗೆ ಒಂದು ಹಸಿರು ನಿಂಬೆ ಇಟ್ಟೆ. ನಿಮ್ಮಪ್ಪನ ಮಾಲಿನದೇ. ಮುಂದೆ ಹೊಡೆಯುವವಳು ನೀನು, ಮೊದಲು ತುಳಿಯುವವಳೂ ನೀನೇ, ದೃಷ್ಟಿ ಅಲ್ಲೇ ಒಡೆದು ಹೋಗಲಿ ಎಂದುಕೊಂಡೆ. ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ಚೀಲ ಸರಿಪಡಿಸುವವನ ಹಾಗೆ ಬಾಗಿ ಅದನ್ನು ಜೇಬಿಗೆ ಹಾಕಿಕೊಂಡೆ. ಅದು ಒಡೆದಿರಲಿಲ್ಲ, ಚೀಲದಡಿ ಉರುಳಿತ್ತು. ಆಮೇಲೆ ಎದ್ದು ನಿಂತು, ಎಲ್ಲರ ಜೊತೆ ನಾನೂ ಮುಬಿನಳ ಹೆಸರು ಹಿಡಿದು ಕೂಗಿದೆ. ಎಲ್ಲರಿಗಿಂತ ಜೋರಾಗಿ ಕೂಗಿದೆ.

ಈ ಪತ್ರವನ್ನು ಮುಬಿನಳಿಗೂ ಫೋನಿನಲ್ಲಿ ಓದಿ ಹೇಳು. ಶಾನವಾಜನ ಅಂಗಡಿಯಲ್ಲಿ ನಾಳೆ ನಾನೇ ಹೇಳುತ್ತೇನೆ. ಇದನ್ನು ಓದಿದ ಮೇಲೆ ನೀನು ಫೋನ್ ಮಾಡುವುದಾದರೆ ಮಾಡು, ಊಟ ಆಯಿತೇ ಎಂದು ಮಾತ್ರ ಕೇಳಬೇಡ.