ಸೀಳಿದ ತಂಬಿಗೆ

ಲೇಹ್, ಬುಧವಾರ

ಅವ್ವಾ, ಶರಣು.

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. "ಖಾಲಿ ತಂಬಿಗಿ ತಲಿ ಹತ್ರ ಇಟ್ಕೊಂಡು ಮಲಗಬ್ಯಾಡ ಮತ್ತ" ಅಂದಿದ್ದೆಯಲ್ಲ. ಹಾಗೆಯೇ, ಕಮಲಾಪುರದ ನಿನ್ನ ತವರಿನವರು ಕೊಟ್ಟ ತಾಮ್ರದ ತಂಬಿಗೆಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು, ತಲೆಯ ಬಳಿಯ ಕಿಟಕಿಯಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನೀರು ಕಲ್ಲಿನಂತೆ ಹೆಪ್ಪುಗಟ್ಟಿ, ಹಿಗ್ಗಿ, ತಾಮ್ರವನ್ನೇ ಸೀಳಿಬಿಟ್ಟಿದೆ. ಸೀಳು ಹಾದದ್ದು ಅದರ ಮೇಲೆ ಕೊರೆಸಿದ ನಿನ್ನ ಹೆಸರಿನ ನಟ್ಟನಡುವೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ. ಇಲ್ಲಿಯ ಮನೆಯೊಡತಿ ಮಾತ್ರ ನಕ್ಕು, ಚಳಿಗಾಲದಲ್ಲಿ ತುಂಬಿದ ಪಾತ್ರೆ ಇಟ್ಟು ಮಲಗುವುದೇ ತಮ್ಮಲ್ಲಿ ಕೆಟ್ಟದ್ದು ಎಂದಳು.

ಬೆಸುಗೆ ಹಾಕಿಸೋಣ. ನಾನು ಶಕುನ ನಂಬುವವಳಲ್ಲ, ನಿನಗೆ ಗೊತ್ತು. ಆದರೂ ಬಿಪಿ ಗುಳಿಗೆ ತಪ್ಪಿಸಬೇಡ. ನಾನು ಗಾಜಿಪುರದ ನಮ್ಮ ಮನೆಗೆ ಬರುವವರೆಗೆ ಮಾಳಿಗೆ ಹತ್ತಬೇಡ.

ಅಂಜನಾ