ನಾಲ್ಕು ಗಂಟೆಯ ಕ್ಲಾಸು

7-7-2025, ಬೆಳಿಗ್ಗೆ 11
ರಾತ್ರಿ ಪಾಳಿ ಮುಗಿಸಿ, ಬೆಳಗಿನ ಕ್ಲಾಸಿಗೂ ಕೂತು ಬಂದೆ. ನಿದ್ದೆ ಹತ್ತುತ್ತಿಲ್ಲ. ನಾಳೆ ಕೊಲ್ಹಾಪುರ — ಯುನಿವರ್ಸಿಟಿ ಕಮಿಟಿ. ಬಿ.ಎ., ಬಿ.ಕಾಂ. ಎಲ್ಲರೂ ಕಲಿಯಬೇಕಾದ ಸಾಮಾನ್ಯ ವಿಷಯಗಳನ್ನು ಹೊಸದಾಗಿ ಮಾಡುತ್ತಾರಂತೆ. ದುಡಿದು ಓದುವವನೊಬ್ಬ ಬೇಕಂತೆ. ಇಚಲಕರಂಜಿಯ ನಮ್ಮ ಕಾಲೇಜು ನನ್ನ ಹೆಸರು ಕೊಟ್ಟಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನು, ಮೂವತ್ತೊಂದಕ್ಕೆ ಹನ್ನೆರಡನೇ ಪಾಸಾದವನು. ತಪ್ಪು ಮಾತಾಡಿದರೆ? ಚಪ್ಪಲಿ ಹೊರಗೆ ಬಿಡಬೇಕೋ ಏನೋ.

8-7, ಸಂಜೆ 5
ಬಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ. ಮೆತ್ತನೆ ಕುರ್ಚಿ, ಚಹಾ. ಅಧ್ಯಕ್ಷರು ಬಾಬಾಸಾಹೇಬ ಸರ್. ನಾನು ಕನ್ನಡದವನೆಂದು ಕನ್ನಡದಲ್ಲೇ ಕೇಳಿದರು, "ಸಂಜಿ ನಾಕಕ್ಕ ಖಾಲಿ ಇರ್ತಿಯೇನಪಾ?" "ಹೌದ್ರಿ" ಅಂದೆ. ಬರೆದುಕೊಂಡರು. ಭಾಳ ಒಳ್ಳೆಯ ಜನ.

9-7, ಮಧ್ಯಾಹ್ನ 3
ಎದ್ದ ಕೂಡಲೇ ಹೊಳೆಯಿತು. ಖಾಲಿ ಇರುವುದು ರಾತ್ರಿ ಪಾಳಿಯ ವಾರ ಮಾತ್ರ. ಮುಂದಿನ ವಾರ ಹಗಲು ಪಾಳಿ — ಏಳರಿಂದ ಏಳು. ಅದಕ್ಕೇ ಅಲ್ಲವೆ ನಮ್ಮ ಕಾಲೇಜು ಒಂದೇ ಪಾಠವನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಏಳೂವರೆಗೆ ಒಮ್ಮೆ ಮಾಡುವುದು! ನಮ್ಮ ಕ್ಲಾಸಿನ ನೂತನಂತೂ ನೂಲಿನ ಕಾಂಡಿ ಸುತ್ತಿ ಕೆಲಸ ಬಿಡುವುದೇ ಸಂಜೆ ಆರಕ್ಕೆ, ವಾರವಾರವೂ. ಸರ್‌ಗೆ ಪತ್ರ ಬರೆದೆ. ಹರಿದೆ. ನನ್ನ ಮರಾಠಿ ನೋಡಿ ನಕ್ಕರೆ?

12-7
ಮತ್ತೆ ಬರೆದೆ. ಹರಿದೆ.

28-7
ನೋಟಿಸು ಬಂತು. ಸಾಮಾನ್ಯ ವಿಷಯಗಳೆಲ್ಲ ಸಂಜೆ ನಾಲ್ಕಕ್ಕೇ, ಒಂದೇ ಸಲ. ಮುಕ್ಕಾಲು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ಕೆಳಗೆ — ದುಡಿಯುವ ವಿದ್ಯಾರ್ಥಿಗಳ ಒಪ್ಪಿಗೆ ಪಡೆಯಲಾಗಿದೆ.
ಕಾಲೇಜಿನಲ್ಲಿ ದುಡಿದು ಓದುವವರು ನಾವು ಹನ್ನೊಂದು ಮಂದಿ. ನನ್ನ ಪಕ್ಕದ ಮಗ್ಗದ ಧೀರಜ ಎಲ್ಲರ ಮುಂದೆ ಕೇಳಿದ, "ರಾಯಪ್ಪಾ ಸಾಹೇಬ್ರ, ಕುರ್ಚಿ ಮೆತ್ತಗಿತ್ತೇನ್ರಿ?" ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ?
ನೂತನ ನಗಲಿಲ್ಲ. ಗಡಹಿಂಗ್ಲಜದ ಗಂಡು ನೋಡಿಟ್ಟಿದ್ದಾರೆ ಅವಳಿಗೆ. ಪರೀಕ್ಷೆಗೆ ಕೂತರೆ ಮದುವೆ ಮುಂದಕ್ಕೆ, ಇಲ್ಲದಿದ್ದರೆ ದೀಪಾವಳಿ ಆದ ಕೂಡಲೇ. ಅಷ್ಟೇ ಕರಾರು. "ಮತ್ತ ಮೀಟಿಂಗ್ ಐತೆಲ್ಲಾ ಅಣ್ಣಾ. ನೀ ಹೇಳಿದ್ರ ಕೇಳ್ತಾರ" ಅಂದಳು.

5-8, ಸಂಜೆ 6
ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಹೋದೆ. ಹನ್ನೊಂದು ಹೆಸರೂ. ಒಳಗೆ ಹೋಗಿ, "ಸರ್, ಒಂದ ಅಡಚಣಿ ಐತ್ರಿ" ಅಂದೆ. ಹಾಜರಿಯದೇನು ಎಂದರು. ಹೌದೆಂದೆ. ಹೆಗಲ ಮೇಲೆ ಕೈ ಇಟ್ಟರು.
"ನಿಂದು ನಾ ನೋಡ್ಕೋತೇನಿ. ಕಮಿಟಿ ಮನಶ್ಯಾ ನೀನು."
ಅಲ್ಲೇ ಹಾಜರಿ ಸವಲತ್ತಿನ ಚೀಟಿ ಬರೆದು ಸಿಕ್ಕಾ ಹೊಡೆಸಿದರು. ನನ್ನ ಒಬ್ಬನದೇ ಹೆಸರು.
"ಮತ್ತೇನರ ಐತೇನು?"
"ಇಲ್ರಿ" ಅಂದೆ.
ನಾಲ್ಕು ಗಂಟೆಯ ಕ್ಲಾಸಿನ ಠರಾವಿನ ಕೆಳಗೆ ಸಹಿ ಮಾಡೆಂದರು. ಮಾಡಿದೆ.
ನೂತನ ಅರ್ಧ ದಿನ ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದಳು. ಭಾಳ ವಾದ ಮಾಡಿದೆ, ಕೇಳಲಿಲ್ಲ ಎಂದೆ. ಬೈದರೂ ಎಂದೆ. ನಂಬಿದಳು. "ನಮ್ಮ ಸಲವಾಗಿ ಬೈಸ್ಕೊಂಡಿ" ಅಂತ ಕಣ್ಣು ಒರೆಸಿಕೊಂಡಳು.

19-8
ನೂತನ ಮನೆಗೆ ಬಂದಿದ್ದಳು. ಅವಳ ಪುಸ್ತಕಗಳ ಚೀಲ ನನಗೇ ಕೊಟ್ಟಳು. "ಹ್ಯಾಂಗರ ಮಾಡಿ ನೀ ಒಬ್ಬಾವರ ಕಲಿ" ಅಂದಳು. ಚೀಟಿಯ ವಿಷಯ ಹೇಳಿಬಿಡಬೇಕು ಎಂದು ಓಣಿಯ ತುದಿವರೆಗೆ ಹಿಂದೆ ಓಡಿದೆ. ನಿಂತಳು. ಬಾಯಿ ತೆರೆದೆ. "ಇಂಗ್ಲಿಷಿನ ನೋಟ್ಸು ಇದರಾಗಿಲ್ಲಲಾ, ಅವನ್ನೂ ಕೊಡ್ತಿಯೇನು?" ಅಂದೆ.