ಉತ್ತರ ಹೇಳುವ ಹೆಂಡತಿ

ಜೂನ್ ೧೧, ರಾತ್ರಿ

ಇವತ್ತಿಡೀ ಅದೇ ರಗಳೆ. ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಬಡಗಿಯನ್ನು ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಿದರೆ, ಉತ್ತರ ಕೊಡುವುದು ಅವನ ಹೆಂಡತಿ! "ನಾನೇ ಹೇಳಿದ್ನಲ್ಲ ಸಿಸ್ಟರ್. ಪಾಪ, ಮಲಗ್ಲಿ ಬಿಡಿ."

ಸಾಕಾಗಿಹೋಯಿತು. "ಅಮ್ಮಾ, ತಲೆಬುರುಡೆ ಗಟ್ಟಿ ಡಬ್ಬಿ ಇದ್ದ ಹಾಗೆ. ಒಳಗೆ ಮಿದುಳು ಊದಿಕೊಂಡ್ರೆ ಹಿಗ್ಗೋಕೆ ಜಾಗ ಇಲ್ಲ. ಒತ್ತಡ ಏರಿದ್ರೆ ಮಂಪರು ಕವಿಯುತ್ತೆ. ಇದು ನಿದ್ದೆನೋ ಮಂಪರೋ ಅಂತ ಗೊತ್ತಾಗ್ಬೇಕಾದ್ರೆ ಅವ್ರು ಮಾತಾಡ್ಬೇಕು, ನೀವಲ್ಲ!" ಎಂದು ರೇಗಿದೆ.

ಸಂಜೆ ಮತ್ತೆ ಕೇಳಿದೆ. ಆಕೆ ತುಟಿ ಬಿಗಿಹಿಡಿದು ಕಾದಳು. ಅವನೂ ಬಾಯಿ ಬಿಡಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಒಂದು ಕಣ್ಣಿನ ಪಾಪೆ ಬೆಳಕಿಗೂ ಕುಗ್ಗದೆ ಅಗಲವಾಗಿಯೇ ಇತ್ತು; ತಲೆಯೊಳಗೆ ಒತ್ತಡ ಏರಿದ್ದರ ಗುರುತು. ಓಡಿಹೋಗಿ ಡಾಕ್ಟರನ್ನು ಕರೆದೆ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಆಕೆ ನನ್ನ ಕೈ ಬಿಡಲೊಲ್ಲಳು.

"ಒಳಗೆ ಹೆಸರು ಕೇಳಿದ್ರೆ ಯಾರು ಹೇಳ್ತಾರೆ ಸಿಸ್ಟರ್?"